ಆಫೀಸಿನ ಎಐ ಯಾರ ಕೈಗೆ? ಪಾಸ್‌ವರ್ಡ್ ಪಟ್ಟಿಯಿಂದ ಕೋಪೈಲಟ್‌ವರೆಗೆ

(ಆಡಿಯೋ ಸಂಚಿಕೆಯ ಬರಹ ರೂಪ)

 

ಈಗ ಎಷ್ಟೋ ಆಫೀಸುಗಳಲ್ಲಿ ಒಂದು ಹೊಸ ತಾರತಮ್ಯ ಶುರುವಾಗಿದೆ. ಪಕ್ಕದ ಟೀಮಿನವರ ವರ್ಡ್, ಎಕ್ಸೆಲ್, ಔಟ್‌ಲುಕ್ ಒಳಗೆ ಎಐ ಅಸಿಸ್ಟೆಂಟ್ ಬಟನ್ ಬಂದಿರುತ್ತೆ. ನಿಮ್ಮದರಲ್ಲಿ ಇರಲ್ಲ. ಕೇಳಿದ್ರೆ "ಅಪ್ರೂವಲ್ ಬೇಕು, ಟಿಕೆಟ್ ಹಾಕಿ" ಅಂತಾರೆ. ಟಿಕೆಟ್ ಹಾಕಿದ್ರೆ "ಲೈಸೆನ್ಸ್ ಖಾಲಿ ಇಲ್ಲ" ಅಂತ ಉತ್ತರ. ಇದು ಬರೀ ದುಡ್ಡಿನ ವಿಷಯವಾ, ಇಲ್ಲಾ ಭಯದ ವಿಷಯವಾ? ಎರಡೂ ಹೌದು. ಆ ಭಯ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ಅರವತ್ತು ವರ್ಷಕ್ಕಿಂತ ಹಿಂದಕ್ಕೆ, ಅಮೆರಿಕದ ಎಂಐಟಿಗೆ ಹೋಗಿ ನಿಲ್ತೀವಿ.

1961ರ ನವೆಂಬರ್. ಫರ್ನಾಂಡೋ ಕೊರ್ಬಾಟೋ ಎಂಬ ವಿಜ್ಞಾನಿ ಮತ್ತು ಅವರ ತಂಡ ಎಂಐಟಿಯಲ್ಲಿ ಒಂದು ಹೊಸ ವ್ಯವಸ್ಥೆಯನ್ನು ತೋರಿಸಿದರು. ಅದರ ಹೆಸರು ಸಿಟಿಎಸ್‌ಎಸ್. ಅಲ್ಲಿಯವರೆಗೆ ಕಂಪ್ಯೂಟರ್ ಅಂದ್ರೆ ಒಂದು ಸಲಕ್ಕೆ ಒಬ್ಬರ ಕೆಲಸ. ಪಂಚ್ ಕಾರ್ಡ್ ಕಟ್ಟು ಕೊಟ್ಟು ಬರಬೇಕು, ಸರದಿ ಬರೋವರೆಗೆ ಕಾಯಬೇಕು. ಸಿಟಿಎಸ್‌ಎಸ್‌ನಲ್ಲಿ ಹಲವರು ಒಂದೇ ಯಂತ್ರವನ್ನು ಒಂದೇ ಹೊತ್ತಲ್ಲಿ ಬಳಸಬಹುದಿತ್ತು. ಒಂದೇ ಮನೆಯಲ್ಲಿ ಹತ್ತು ಸಂಸಾರ ಅಂದ್ಮೇಲೆ ಪ್ರತಿ ಕೋಣೆಗೂ ಒಂದು ಬೀಗ ಬೇಕಲ್ವಾ? ಹಾಗೆ ಬಂದಿದ್ದು ಪಾಸ್‌ವರ್ಡ್. ಪ್ರತಿಯೊಬ್ಬರ ಫೈಲು ಅವರವರಿಗೆ, ಪ್ರತಿಯೊಬ್ಬರಿಗೂ ಇಷ್ಟೇ ಗಂಟೆ ಅಂತ ಲೆಕ್ಕ.

ಬೀಗ ಬಂದ ವರ್ಷದೊಳಗೇ ಅದನ್ನು ಒಬ್ಬರು ತೆಗೆದರು. ಅಲನ್ ಶೆರ್ ಅಂತ ಪಿಎಚ್‌ಡಿ ವಿದ್ಯಾರ್ಥಿ. ಅವರಿಗೆ ವಾರಕ್ಕೆ ಸಿಗ್ತಿದ್ದಿದ್ದು ನಾಲ್ಕು ಗಂಟೆ. ಸಂಶೋಧನೆಗೆ ಅದು ಏನೇನೂ ಸಾಲ್ತಿರ್ಲಿಲ್ಲ. 1962ರಲ್ಲಿ ಅವರಿಗೆ ಒಂದು ವಿಷಯ ಹೊಳೀತು: ಪಂಚ್ ಕಾರ್ಡ್‌ನಲ್ಲಿ ಖಾತೆ ಸಂಖ್ಯೆ, ಫೈಲಿನ ಹೆಸರು ಬರೆದುಕೊಟ್ಟರೆ ಆ ಫೈಲನ್ನು ಪ್ರಿಂಟ್ ಮಾಡಿ ಇಡ್ತಾರೆ, ಆ ಫೈಲು ನಿಂದಾ ಅಂತ ಯಾರೂ ಕೇಳಲ್ಲ. ಶುಕ್ರವಾರ ರಾತ್ರಿ ಪಾಸ್‌ವರ್ಡ್ ಫೈಲನ್ನೇ ಪ್ರಿಂಟ್ ಮಾಡೋಕೆ ಕಾರ್ಡ್ ಹಾಕಿದರು. ಶನಿವಾರ ಬೆಳಗ್ಗೆ ಹೋಗಿ ಎತ್ಕೊಂಡು ಬಂದರು. ಎಲ್ಲರ ಪಾಸ್‌ವರ್ಡ್, ಕಾಗದದ ಮೇಲೆ! ಕಾಲು ಶತಮಾನ ಆದ್ಮೇಲೆ ಇದನ್ನು ಅವರೇ ಒಪ್ಪಿಕೊಂಡರು.

ಇಲ್ಲಿ ಒಂದು ಮಾತು ಗಮನಿಸಿ. ಶೆರ್ ಕಳ್ಳರಾಗಿರ್ಲಿಲ್ಲ. ಅವರಿಗೆ ಕೆಲಸ ಮುಗಿಸಬೇಕಿತ್ತು, ಕೋಟಾ ಅಡ್ಡ ಬಂತು. ಕೋಟಾ ಹಾಕಿದವರಿಗೂ ಕೆಟ್ಟ ಉದ್ದೇಶ ಇರ್ಲಿಲ್ಲ, ಯಂತ್ರವೇ ಅಷ್ಟು ದುಬಾರಿ. ಇದನ್ನು ನೆನಪಲ್ಲಿ ಇಟ್ಕೊಳ್ಳಿ, 2023ಕ್ಕೆ ಬಂದಾಗ ಬೇಕಾಗುತ್ತೆ.

ಅದೇ ಸಿಟಿಎಸ್‌ಎಸ್‌ನಲ್ಲಿ ಮುಂದೆ ನಡೆದ ಇನ್ನೊಂದು ಘಟನೆ ಇನ್ನೂ ತಮಾಷೆಯದು. ವ್ಯವಸ್ಥೆ ನೋಡಿಕೊಳ್ಳೋ ಇಬ್ಬರು ಒಂದೇ ಹೊತ್ತಲ್ಲಿ ಕೂತು ಕೆಲಸ ಮಾಡ್ತಿದ್ದರು. ಒಬ್ಬರು ಲಾಗಿನ್ ಆದವರಿಗೆಲ್ಲ ಕಾಣಿಸೋ ದಿನದ ಸಂದೇಶವನ್ನು ತಿದ್ದುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡ್ ಫೈಲನ್ನು. ಎಡಿಟರ್ ಪ್ರೋಗ್ರಾಂ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಫೈಲನ್ನು ಬಳಸಿತು. ಎರಡೂ ಅದಲುಬದಲು! ಆಮೇಲೆ ಲಾಗಿನ್ ಆದ ಪ್ರತಿಯೊಬ್ಬರ ಟರ್ಮಿನಲ್ ಮೇಲೂ "ಇವತ್ತಿನ ಸಂದೇಶ" ಬದಲು ಎಲ್ಲರ ಪಾಸ್‌ವರ್ಡ್ ಟೈಪ್ ಆಗತೊಡಗಿತು. ಅದನ್ನು ಕಂಡ ಒಬ್ಬ ಬಳಕೆದಾರ ಬೇರೆ ದಾರಿ ಕಾಣದೆ ಬೇಕಂತಲೇ ಇಡೀ ಸಿಸ್ಟಂ ಅನ್ನು ಕ್ರ್ಯಾಶ್ ಮಾಡಿ ನಿಲ್ಲಿಸಿದ. ಅನುಮತಿ ಪಟ್ಟಿ ಎಲ್ಲ ಸರಿಯಾಗೇ ಇತ್ತು. ಮಧ್ಯದಲ್ಲಿದ್ದ ಪ್ರೋಗ್ರಾಂ ಒಬ್ಬರದ್ದನ್ನು ತೆಗೆದು ಇನ್ನೊಬ್ಬರ ಜಾಗದಲ್ಲಿ ಇಟ್ಟಿತು, ಅಷ್ಟೇ.

ಕೊರ್ಬಾಟೋ ತಂಡದ ಮುಂದಿನ ದೊಡ್ಡ ಕೆಲಸ ಮಲ್ಟಿಕ್ಸ್. ಎಂಐಟಿ, ಜನರಲ್ ಎಲೆಕ್ಟ್ರಿಕ್, ಬೆಲ್ ಲ್ಯಾಬ್ಸ್ ಮೂರೂ ಸೇರಿ ಶುರುಮಾಡಿದ್ದು. ಅದರಲ್ಲಿ ಪ್ರತಿ ಫೈಲಿಗೂ ಒಂದು ಪಟ್ಟಿ ಅಂಟಿಕೊಂಡಿರ್ತಿತ್ತು: ಇದನ್ನು ಇಂಥವರು ಓದಬಹುದು, ಇಂಥವರು ಬರೆಯಬಹುದು. ಬೆಲ್ ಲ್ಯಾಬ್ಸ್ 1969ರಲ್ಲಿ ಅದರಿಂದ ಹೊರಬಂತು. ಅಲ್ಲಿದ್ದವರು ಯುನಿಕ್ಸ್ ಬರೆದರು. ಯುನಿಕ್ಸ್‌ನಲ್ಲಿ ಆ ಪಟ್ಟಿಯನ್ನು ಚಿಕ್ಕದು ಮಾಡಿ ಮೂರು ಪಂಗಡ ಮಾಡಿದರು: ಮಾಲೀಕ, ಗುಂಪು, ಉಳಿದವರು. ಲಿನಕ್ಸ್ ಬಳಸಿದವರಿಗೆ ಇದು ಇವತ್ತಿಗೂ ಗೊತ್ತು. ನಿಮ್ಮ ಕೈಲಿರೋ ಆಂಡ್ರಾಯ್ಡ್ ಫೋನಿನ ಬುಡದಲ್ಲೂ ಅದೇ ಇದೆ.

1975ರಲ್ಲಿ ಎಂಐಟಿಯ ಜೆರೋಮ್ ಸಾಲ್ಟ್ಜರ್, ಮೈಕೆಲ್ ಶ್ರೋಡರ್ ಇಬ್ಬರೂ ಸೇರಿ ಒಂದು ಪ್ರಬಂಧ ಬರೆದರು. ಭದ್ರತೆ ಬಗ್ಗೆ ಓದೋರು ಅದನ್ನು ಇವತ್ತಿಗೂ ಓದ್ತಾರೆ. ಅದರಲ್ಲಿನ ಒಂದು ತತ್ವ ಇಷ್ಟು: ಪ್ರತಿ ಪ್ರೋಗ್ರಾಂಗೂ ಪ್ರತಿ ಬಳಕೆದಾರನಿಗೂ ಆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ, ಅದಕ್ಕಿಂತ ಒಂದು ಕಾಳೂ ಹೆಚ್ಚಿಲ್ಲ. ಬಳಕೆದಾರನಿಗೆ ಮಾತ್ರ ಅಲ್ಲ, ಪ್ರೋಗ್ರಾಂಗೂ ಅಂತ ಹೇಳಿದ್ದನ್ನು ಕೇಳಿಸಿಕೊಂಡ್ರಾ? ಮುಂದಿನ ಐವತ್ತು ವರ್ಷ ಕಂಪನಿಗಳು ಮೊದಲ ಅರ್ಧವನ್ನು ಮರೆತು ಎರಡನೇ ಅರ್ಧದ ಹಿಂದೆ ಓಡಿದವು ಅಂತ ನನಗನ್ನಿಸುತ್ತೆ.

ಮೊದಲ ಅರ್ಧವನ್ನು ಗಂಭೀರವಾಗಿ ತಗೊಂಡೋರು ಸೈನ್ಯದವರು. ಅಮೆರಿಕದ ವಾಯುಪಡೆಗಾಗಿ ಮೈಟರ್ ಸಂಸ್ಥೆಯಲ್ಲಿ ಡೇವಿಡ್ ಬೆಲ್, ಲೆನಾರ್ಡ್ ಲಪಡುಲಾ ಎಂಬ ಇಬ್ಬರು 1973ರ ಹೊತ್ತಿಗೆ ಒಂದು ಗಣಿತದ ಮಾದರಿ ಕಟ್ಟಿದರು. ಕಾಗದಗಳಿಗೆ ದರ್ಜೆ ಇರುತ್ತೆ: ಸಾಮಾನ್ಯ, ಗೋಪ್ಯ, ಅತಿ ಗೋಪ್ಯ. ಮೊದಲ ನಿಯಮ ಸುಲಭ, ನಿಮ್ಮ ದರ್ಜೆಗಿಂತ ಮೇಲಿನದನ್ನು ಓದೋ ಹಾಗಿಲ್ಲ. ಎರಡನೇ ನಿಯಮ ಕೇಳಿದರೆ ವಿಚಿತ್ರ ಅನ್ನಿಸುತ್ತೆ: ಮೇಲಿನದನ್ನು ಓದ್ತಾ ಇರುವಾಗ ಕೆಳಗಿನ ದರ್ಜೆಯ ಕಾಗದದಲ್ಲಿ ಬರೆಯೋ ಹಾಗಿಲ್ಲ.

ಯಾಕೆ? ಜನರಲ್ ಸಾಹೇಬರನ್ನು ನಂಬಲ್ವಾ? ಅವರನ್ನು ನಂಬಬಹುದು. ಆದರೆ ಅವರ ಹೆಸರಲ್ಲಿ ಓಡ್ತಿರೋ ಪ್ರೋಗ್ರಾಂ ಏನು ಮಾಡುತ್ತೆ ಅಂತ ಅವರಿಗೇ ಗೊತ್ತಿರಲ್ಲ. ಅದು ಅತಿ ಗೋಪ್ಯ ಫೈಲನ್ನು ಓದಿ, ಸದ್ದಿಲ್ಲದೆ ಅದರ ಒಂದು ಸಾಲನ್ನು ಸಾಮಾನ್ಯ ಫೈಲಿಗೆ ಸೇರಿಸಿಬಿಟ್ಟರೆ? ಯಾರೂ ಬೀಗ ಮುರಿಯಲಿಲ್ಲ, ಆದರೂ ಗುಟ್ಟು ಬೀದಿಗೆ ಬಂತು.

ಈಗ ಇವತ್ತಿನ ಎಐ ಅಸಿಸ್ಟೆಂಟನ್ನು ನೆನೆಸಿಕೊಳ್ಳಿ. ಮ್ಯಾನೇಜರ್ ಒಬ್ಬರು "ಈ ವಾರದ ಮೇಲ್, ಫೈಲು ಎಲ್ಲ ನೋಡಿ ಟೀಮಿಗೆ ಒಂದು ಸಾರಾಂಶ ಬರಿ" ಅಂತಾರೆ. ಅವರಿಗೆ ಸಂಬಳದ ಶೀಟ್ ನೋಡೋ ಹಕ್ಕಿದೆ, ಟೀಮಿಗೆ ಇಲ್ಲ. ಅಸಿಸ್ಟೆಂಟ್ ಅವರ ಹೆಸರಲ್ಲಿ ಎಲ್ಲವನ್ನೂ ಓದುತ್ತೆ, ಎಲ್ಲರಿಗೂ ಹೋಗೋ ಮೇಲ್ ಬರೆಯುತ್ತೆ. ಬೆಲ್, ಲಪಡುಲಾ 1973ರಲ್ಲೇ ಬೇಡ ಅಂದಿದ್ದು ಇದನ್ನೇ. ಹಾಗಂತ ಆ ನಿಯಮವನ್ನು ಆಫೀಸಿಗೆ ಪೂರ್ತಿ ತಂದರೆ ಮ್ಯಾನೇಜರ್ ಒಂದು ಮೇಲ್ ಕೂಡ ಕಳಿಸೋಕಾಗಲ್ಲ. ಅದಕ್ಕೇ ವ್ಯಾಪಾರ ಜಗತ್ತು ಆ ಮಾದರಿಯನ್ನು ದೂರದಿಂದಲೇ ಕೈಮುಗಿದು ಬಿಟ್ಟಿತು.

ಕಂಪನಿಗಳು ಹಿಡಿದ ದಾರಿ ಬೇರೆ. ಬ್ಯಾಂಕುಗಳಲ್ಲಿ ಕಂಪ್ಯೂಟರ್ ಬರೋದಕ್ಕೂ ಮುಂಚೆಯೇ ಇದರ ಹೋಲಿಕೆ ಇತ್ತು. ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ, ಇಬ್ಬರು ಅಧಿಕಾರಿಗಳ ಹತ್ತಿರ. ಒಬ್ಬರೇ ಹೋದರೆ ಬಾಗಿಲು ತೆಗೆಯಲ್ಲ. ವೋಚರ್ ಬರೆಯೋರು ಒಬ್ಬರು, ಪಾಸ್ ಮಾಡೋರು ಇನ್ನೊಬ್ಬರು. ಬೀಗದ ಕೈ ಇದ್ದದ್ದು ರಾಮಪ್ಪನವರಿಗೆ ಅಂತಲ್ಲ, ಆ ಕುರ್ಚಿಗೆ. ರಾಮಪ್ಪನವರಿಗೆ ವರ್ಗ ಆದರೆ ಕೈ ಮುಂದಿನವರಿಗೆ. ಈ ಕುರ್ಚಿಯ ಲೆಕ್ಕವನ್ನೇ 1992ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಡೇವಿಡ್ ಫೆರಾಯೋಲೋ ಮತ್ತು ರಿಚರ್ಡ್ ಕುನ್ ಒಂದು ಮಾದರಿಯಾಗಿ ಬರೆದರು. 1996ರಲ್ಲಿ ರವಿ ಸಂಧು ಮತ್ತು ಸಂಗಡಿಗರು ಅದನ್ನು ಇನ್ನಷ್ಟು ವಿಸ್ತರಿಸಿದರು. ಇಂಗ್ಲಿಷಲ್ಲಿ ಇದನ್ನು ಚಿಕ್ಕದಾಗಿ ಆರ್‌ಬ್ಯಾಕ್ ಅಂತಾರೆ. ಅನುಮತಿ ಮನುಷ್ಯನಿಗಲ್ಲ, ರೋಲ್‌ಗೆ. ಮನುಷ್ಯನಿಗೆ ರೋಲ್.

2002ರಲ್ಲಿ, ಎನ್ರಾನ್ ಹಗರಣದ ಬೆನ್ನಲ್ಲೇ, ಅಮೆರಿಕದಲ್ಲಿ ಸಾರ್ಬೇನ್ಸ್-ಆಕ್ಸ್ಲಿ ಕಾನೂನು ಬಂತು. ಹಣಕಾಸಿನ ವ್ಯವಸ್ಥೆಯೊಳಗೆ ಯಾರಿಗೆ ಏನು ಅಧಿಕಾರ ಇದೆ ಅಂತ ಆಡಿಟರ್‌ಗೆ ತೋರಿಸಲೇಬೇಕಾಯ್ತು. ಬೆಂಗಳೂರಿನ ಐಟಿಯಲ್ಲಿ ಕೆಲಸ ಮಾಡಿದವರಿಗೆ ಆಮೇಲಿನ ಕಥೆ ಹೇಳಬೇಕಾಗಿಲ್ಲ. ಆಕ್ಸೆಸ್ ರಿಕ್ವೆಸ್ಟ್, ಮೂರು ತಿಂಗಳಿಗೊಮ್ಮೆ ಆಕ್ಸೆಸ್ ರಿವ್ಯೂ, ನೂರು ಹೆಸರಿನ ಎಕ್ಸೆಲ್ ಶೀಟ್, ಮ್ಯಾನೇಜರ್ ಟೀ ಕುಡೀತಾ ಎಲ್ಲದಕ್ಕೂ "ಓಕೆ" ಒತ್ತೋದು. ಪ್ರಾಜೆಕ್ಟ್ ಬದಲಾದಾಗ ಹೊಸ ಅನುಮತಿ ಸೇರುತ್ತೆ, ಹಳೇದನ್ನು ಯಾರೂ ಕಿತ್ತುಹಾಕಲ್ಲ. ಹತ್ತು ವರ್ಷ ಒಂದೇ ಕಂಪನಿಯಲ್ಲಿ ಇದ್ದವರ ಹತ್ತಿರ ಹತ್ತು ಮನೆಯ ಬೀಗದ ಕೈ ಗೊಂಚಲು.

ಇದು ಯಾಕೆ ದೊಡ್ಡ ಅನಾಹುತ ಮಾಡ್ಲಿಲ್ಲ ಅಂದ್ರೆ ಜನ ಹುಡುಕ್ತಿರ್ಲಿಲ್ಲ. ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್‌ನಲ್ಲಿ "ಹೊರಗಿನವರನ್ನು ಬಿಟ್ಟು ಎಲ್ಲರೂ" ಅಂತಲೇ ಒಂದು ಗುಂಪಿದೆ. ಅವಸರದಲ್ಲಿ ಅದನ್ನು ಆರಿಸಿ ಫೋಲ್ಡರ್ ಹಂಚಿದರೆ ಕಂಪನಿಯ ಅಷ್ಟೂ ಜನಕ್ಕೆ ಬಾಗಿಲು ತೆರೆದ ಹಾಗೆ. ಆದರೆ ಆ ಬಾಗಿಲು ಯಾವ ಓಣಿಯಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ. ಅಪ್ರೈಸಲ್ ಫೈಲು, ಯಾರದೋ ಮೆಡಿಕಲ್ ಲೀವ್ ಪತ್ರ, ಕೆಲಸದಿಂದ ತೆಗೆಯೋರ ಪಟ್ಟಿ ಎಲ್ಲ ತೆರೆದೇ ಇದ್ದರೂ ದೂಳು ಹಿಡಿದು ಕೂತಿರ್ತವೆ. ಆ ದೂಳೇ ಇಷ್ಟು ವರ್ಷ ಕಾವಲುಗಾರ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. ಮೊದಲು ಏಟು ತಿಂದ ದೊಡ್ಡ ಕಂಪನಿಗಳಲ್ಲಿ ಸ್ಯಾಮ್‌ಸಂಗ್ ಒಂದು. 2023ರ ವಸಂತದಲ್ಲಿ ಅದರ ಸೆಮಿಕಂಡಕ್ಟರ್ ವಿಭಾಗದ ಉದ್ಯೋಗಿಗಳು ಗೋಪ್ಯ ಸೋರ್ಸ್ ಕೋಡನ್ನು, ಮೀಟಿಂಗ್ ಒಂದರ ವಿವರವನ್ನು ಚಾಟ್‌ಜಿಪಿಟಿಗೆ ಹಾಕಿದ್ದಾರೆ ಅಂತ ಕೊರಿಯಾದ ಮಾಧ್ಯಮಗಳು ವರದಿ ಮಾಡಿದವು. ಮೇ ತಿಂಗಳಲ್ಲಿ ಕಂಪನಿ ಅಂಥ ಎಐಗಳನ್ನು ತನ್ನ ಸಾಧನಗಳಲ್ಲಿ ಬಳಸೋದನ್ನೇ ನಿಷೇಧಿಸಿತು. ಆ ಉದ್ಯೋಗಿಗಳು ಮಾಡ್ತಿದ್ದಿದ್ದು ಏನು? ಕೋಡಿನಲ್ಲಿನ ದೋಷ ಹುಡುಕೋದು, ಮೀಟಿಂಗ್ ಟಿಪ್ಪಣಿ ಬರೆಯೋದು. ಅಲನ್ ಶೆರ್ ನೆನಪಾದ್ರಾ? ಕೆಲಸ ಮುಗೀಬೇಕು, ಕೈಗೆ ಸಿಕ್ಕ ದಾರಿ ಹಿಡಿದರು.

ನಿಷೇಧದ ದಾರಿಯನ್ನು ಸರ್ಕಾರಗಳೂ ಹಿಡಿದವು. 2024ರ ಮಾರ್ಚ್‌ನಲ್ಲಿ ಅಮೆರಿಕದ ಕೆಳಮನೆ ತನ್ನ ಸಿಬ್ಬಂದಿ ಮೈಕ್ರೋಸಾಫ್ಟ್ ಕೋಪೈಲಟ್ ಬಳಸೋ ಹಾಗಿಲ್ಲ ಅಂತ ಹೇಳಿತು. ನಮ್ಮ ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿ 29ರ ಸೂಚನೆಯಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥ ಆ್ಯಪ್‌ಗಳನ್ನು ಆಫೀಸಿನ ಕಂಪ್ಯೂಟರ್‌ಗಳಲ್ಲಿ ಬಳಸಬೇಡಿ, ಸರ್ಕಾರದ ಮಾಹಿತಿಯ ಗೋಪ್ಯತೆಗೆ ಅಪಾಯ ಅಂತ ನೌಕರರಿಗೆ ತಿಳಿಸಿತು.

ಕಂಪನಿಗಳು ಮಾತ್ರ ಬಹಳ ದಿನ ತಡ್ಕೊಳ್ಳೋಕಾಗ್ಲಿಲ್ಲ. ಹೊರಗಿನ ಎಐ ಬೇಡ, ನಮ್ಮ ಸಾಫ್ಟ್‌ವೇರ್ ಒಳಗೇ ಇರಲಿ ಅಂತ ಲೆಕ್ಕ ಹಾಕಿದವು. ಮೈಕ್ರೋಸಾಫ್ಟ್ 365 ಕೋಪೈಲಟ್ 2023ರ ನವೆಂಬರ್ 1ರಂದು ದೊಡ್ಡ ಸಂಸ್ಥೆಗಳಿಗೆ ಮಾರಾಟಕ್ಕೆ ಬಂತು. ಒಬ್ಬರಿಗೆ ತಿಂಗಳಿಗೆ 30 ಡಾಲರ್. ಶುರುವಲ್ಲಿ ಕನಿಷ್ಠ 300 ಸೀಟು ಕೊಳ್ಳಬೇಕಿತ್ತು, ಮುಂದಿನ ಜನವರಿಯಲ್ಲಿ ಆ ಷರತ್ತನ್ನು ತೆಗೆದರು. ಸಾವಿರಾರು ಉದ್ಯೋಗಿಗಳಿರೋ ಕಡೆ ಎಲ್ಲರಿಗೂ 30 ಡಾಲರ್ ಕಟ್ಟೋರು ಯಾರು? ಹೀಗೆ ಹುಟ್ಟಿದ್ದೇ ಲೈಸೆನ್ಸ್ ಪಟ್ಟಿ. ಅಡ್ಮಿನ್ ಒಂದು ಗುಂಪು ಮಾಡ್ತಾರೆ, ಆ ಗುಂಪಿಗೆ ಲೈಸೆನ್ಸ್ ಕೊಡ್ತಾರೆ, ಗುಂಪಿನೊಳಗೆ ಇದ್ದರೆ ಬಟನ್ ಬರುತ್ತೆ. ಸೇಲ್ಸ್‌ಫೋರ್ಸ್‌ನಂಥ ಸಾಫ್ಟ್‌ವೇರ್‌ನಲ್ಲೂ ಹೆಚ್ಚುಕಮ್ಮಿ ಹೀಗೇ, ಅಲ್ಲಿ ಪರ್ಮಿಷನ್ ಸೆಟ್ ಅಂತಾರೆ. 1961ರ ಕೋಟಾ ಮತ್ತೆ ಬಂತು ನೋಡಿ, ಆಗ ಗಂಟೆ ಲೆಕ್ಕ, ಈಗ ಸೀಟು ಲೆಕ್ಕ.

ಇಲ್ಲಿ ನನಗೊಂದು ತಕರಾರಿದೆ. ಎಷ್ಟೋ ಕಡೆ ಈ ಸೀಟು ಲೆಕ್ಕವನ್ನೇ ಭದ್ರತೆ ಅಂತ ತಿಳ್ಕೊಂಡಿದ್ದಾರೆ. ಕಿರಿಯರಿಗೆ ಕೊಡ್ಲಿಲ್ಲ, ಇಂಟರ್ನ್‌ಗಳಿಗೆ ಕೊಡ್ಲಿಲ್ಲ, ಹಿರಿಯರಿಗೆ ಮಾತ್ರ ಕೊಟ್ಟಿದ್ದೀವಿ, ಹಾಗಾಗಿ ಸುರಕ್ಷಿತ ಅಂತ. ಆದರೆ ಎಲ್ಲಕ್ಕಿಂತ ದೊಡ್ಡ ಬೀಗದ ಕೈ ಗೊಂಚಲು ಇರೋದು ಯಾರ ಹತ್ತಿರ? ಹತ್ತು ವರ್ಷದ ಹಿರಿಯರ ಹತ್ತಿರವೇ. ಬಟನ್ ಸಿಗದ ಇಂಟರ್ನ್ ಏನು ಮಾಡ್ತಾನೆ? ಜೇಬಿನಿಂದ ಸ್ವಂತ ಫೋನ್ ತೆಗೀತಾನೆ, ಸ್ಕ್ರೀನಿನ ಫೋಟೋ ಹೊಡೆದು ಫ್ರೀ ಆ್ಯಪ್‌ಗೆ ಹಾಕ್ತಾನೆ. ಅದು ಯಾವ ಅಡ್ಮಿನ್ ಪಟ್ಟಿಗೂ ಸಿಗಲ್ಲ. ಆಮೇಲೆ ಸಿಕ್ಕಿಬಿದ್ದರೆ ಮೆಮೋ ಬರೋದೂ ಅವನಿಗೇ.

ಮೈಕ್ರೋಸಾಫ್ಟ್ ಮೊದಲಿಂದ ಹೇಳ್ತಾ ಬಂದಿರೋದು ಒಂದೇ: ಕೋಪೈಲಟ್ ಹೊಸ ಅನುಮತಿ ಏನೂ ಕೊಡಲ್ಲ, ಬಳಕೆದಾರನಿಗೆ ಮೊದಲೇ ನೋಡೋ ಹಕ್ಕಿರೋದನ್ನು ಮಾತ್ರ ತೋರಿಸುತ್ತೆ. ಮಾತು ಸರಿಯಾಗೇ ಇದೆ. ತೊಂದರೆ ಏನಪ್ಪಾ ಅಂದ್ರೆ ಆ ಹಕ್ಕಿನ ಪಟ್ಟಿಯೇ ದೂಳು ಹಿಡಿದದ್ದು. ಮೊದಲು ಹುಡುಕೋಕೆ ಫೋಲ್ಡರ್ ಹೆಸರು ಗೊತ್ತಿರಬೇಕಿತ್ತು. ಈಗ "ನಮ್ಮ ಟೀಮಲ್ಲಿ ಯಾರ ಬೋನಸ್ ಎಷ್ಟು" ಅಂತ ಕೇಳಿದರೆ ಸಾಕು. ತೆರೆದ ಬಾಗಿಲು ಎಲ್ಲಿದೆ ಅಂತ ಅಸಿಸ್ಟೆಂಟೇ ಕೈಹಿಡಿದು ಕರ್ಕೊಂಡು ಹೋಗುತ್ತೆ. 2024ರಲ್ಲಿ ಮೈಕ್ರೋಸಾಫ್ಟ್ ಒಂದು ತಾತ್ಕಾಲಿಕ ಪರಿಹಾರ ಕೊಟ್ಟಿತು. ಅಡ್ಮಿನ್ ಗರಿಷ್ಠ 100 ಶೇರ್‌ಪಾಯಿಂಟ್ ಸೈಟುಗಳ ಪಟ್ಟಿ ಮಾಡಿದರೆ, ಕಂಪನಿ ಮಟ್ಟದ ಹುಡುಕಾಟ ಆ ಪಟ್ಟಿಯೊಳಗೆ ಮಾತ್ರ. ಇದು ಅನುಮತಿಯನ್ನು ಬದಲಾಯಿಸಲ್ಲ, ಅಷ್ಟರೊಳಗೆ ನಿಮ್ಮ ಅನುಮತಿಗಳನ್ನು ಸರಿಮಾಡ್ಕೊಳ್ಳಿ ಅಂತಲೂ ಅವರೇ ಹೇಳಿದರು. ನೆಂಟರು ಬರೋ ಹೊತ್ತಿಗೆ ಸಾಮಾನೆಲ್ಲ ಒಂದು ಕೋಣೆಗೆ ತಳ್ಳಿ ಬಾಗಿಲು ಹಾಕ್ತೀವಲ್ಲ, ಆ ಥರ.

ಪಟ್ಟಿ ಸರಿಮಾಡಿದರೂ ಒಂದು ತೊಂದರೆ ಉಳಿಯುತ್ತೆ. ಅದನ್ನು 1988ರಲ್ಲೇ ಬರೆದಿಟ್ಟವರು ನಾರ್ಮ್ ಹಾರ್ಡಿ. ಟೈಮ್‌ಶೇರ್ ಎಂಬ ಕಂಪನಿಯಲ್ಲಿ ಒಂದು ಕಂಪೈಲರ್ ಇತ್ತು. ಭಾಷೆಯ ಯಾವ ಸೌಲಭ್ಯ ಎಷ್ಟು ಬಳಕೆಯಾಗ್ತಿದೆ ಅಂತ ಲೆಕ್ಕ ಬರೆಯೋದಕ್ಕೆ ಅದಕ್ಕೆ ಸಿಸ್ಟಂ ಡೈರೆಕ್ಟರಿಯಲ್ಲಿ ಬರೆಯೋ ಅಧಿಕಾರ ಕೊಟ್ಟಿದ್ದರು. ಅದೇ ಡೈರೆಕ್ಟರಿಯಲ್ಲಿ ಗ್ರಾಹಕರ ಬಿಲ್ಲಿನ ಫೈಲೂ ಇತ್ತು. ಬಳಕೆದಾರರು ಡೀಬಗ್ ವಿವರ ಬೇಕು ಅಂದರೆ ಎಲ್ಲಿ ಬರೀಬೇಕು ಅಂತ ಒಂದು ಫೈಲಿನ ಹೆಸರು ಕೊಡಬಹುದಿತ್ತು. ಒಬ್ಬ ಬಳಕೆದಾರ ಆ ಬಿಲ್ಲಿನ ಫೈಲಿನ ಹೆಸರನ್ನೇ ಕೊಟ್ಟ. ಬಳಕೆದಾರನಿಗೆ ಅದನ್ನು ಮುಟ್ಟೋ ಹಕ್ಕಿರ್ಲಿಲ್ಲ. ಕಂಪೈಲರ್‌ಗೆ ಇತ್ತು! ಬಿಲ್ಲಿನ ಲೆಕ್ಕದ ಮೇಲೆ ಡೀಬಗ್ ವಿವರ ಬರೆದು ಕೈತೊಳಕೊಂಡಿತು. ಹಾರ್ಡಿ ಇದಕ್ಕೆ ಗೊಂದಲಕ್ಕೆ ಬಿದ್ದ ಸಹಾಯಕ ಅನ್ನೋ ಅರ್ಥದ ಹೆಸರಿಟ್ಟರು. ಸಹಾಯಕನಿಗೆ ಇಬ್ಬರಿಂದ ಅಧಿಕಾರ ಬಂದಿದೆ, ಈಗ ಮಾಡ್ತಿರೋ ಕೆಲಸ ಯಾರ ಅಧಿಕಾರದಲ್ಲಿ ಅಂತ ಅದಕ್ಕೆ ತಿಳಿಯಲ್ಲ.

2025ರ ಜೂನ್‌ನಲ್ಲಿ ಬಹಿರಂಗವಾದ ಎಕೋಲೀಕ್ ಎಂಬ ದೋಷ ಇದೇ ಜಾತಿಗೆ ಸೇರಿದ್ದು. ಏಮ್ ಸೆಕ್ಯುರಿಟಿ ಸಂಸ್ಥೆಯ ಸಂಶೋಧಕರು ಕಂಡುಹಿಡಿದಿದ್ದು. ಹೊರಗಿನವರು ಯಾರೋ ಒಂದು ಮಾಮೂಲಿ ಥರದ ಇಮೇಲ್ ಕಳಿಸ್ತಾರೆ, ಅದರೊಳಗೆ ಎಐಗೆ ಅಂತ ಸೂಚನೆಗಳು. ಉದ್ಯೋಗಿ ಅದನ್ನು ತೆರೆಯಬೇಕಾಗೂ ಇಲ್ಲ, ಲಿಂಕ್ ಒತ್ತಬೇಕಾಗೂ ಇಲ್ಲ. ಮುಂದೆ ಯಾವತ್ತೋ ಕೋಪೈಲಟ್‌ಗೆ ಏನೋ ಕೇಳಿದಾಗ ಅದು ಆ ಮೇಲನ್ನೂ ಎಳ್ಕೊಂಡು ಓದುತ್ತೆ, ಅದರಲ್ಲಿದ್ದದ್ದನ್ನು ಆಜ್ಞೆ ಅಂತ ತಿಳಿದು ಉದ್ಯೋಗಿಯ ಮಾಹಿತಿಯನ್ನು ಹೊರಗೆ ಸಾಗಿಸಬಹುದಿತ್ತು. ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು, ಗ್ರಾಹಕರು ಯಾರಿಗೂ ತೊಂದರೆ ಆಗಿಲ್ಲ ಅಂತಲೂ ಹೇಳಿತು. ಆದರೆ ಇಲ್ಲಿ ಯಾವ ಲೈಸೆನ್ಸ್ ಪಟ್ಟಿಯೂ ಕೆಲಸಕ್ಕೆ ಬರ್ತಿರ್ಲಿಲ್ಲ ಅನ್ನೋದು ಗಮನಿಸಿ. ಆ ಉದ್ಯೋಗಿ ಪಟ್ಟಿಯಲ್ಲಿ ಇದ್ದವರೇ, ಫೈಲು ನೋಡೋ ಹಕ್ಕು ಇದ್ದವರೇ.

ಹಾಗಾಗಿ ಈಗ ತಿರುಗಿ 1975ರ ಆ ಮೊದಲ ಅರ್ಧಕ್ಕೆ ಬರ್ತಿದ್ದಾರೆ, ಅಂದ್ರೆ ಪ್ರೋಗ್ರಾಂಗೂ ಅದರದ್ದೇ ಅಳತೆಯ ಅಧಿಕಾರ. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಎಐ ಏಜೆಂಟುಗಳಿಗೆ ಪ್ರತ್ಯೇಕ ಗುರುತಿನ ಚೀಟಿ ಕೊಡೋ ವ್ಯವಸ್ಥೆಯನ್ನು ಘೋಷಿಸಿತು, ಎಂಟ್ರಾ ಏಜೆಂಟ್ ಐಡಿ ಅಂತ ಹೆಸರು. ಉದ್ಯೋಗಿಗಳ ಹೆಸರಿರೋ ಅದೇ ಡೈರೆಕ್ಟರಿಯಲ್ಲಿ ಇನ್ಮೇಲೆ ಏಜೆಂಟಿನ ಹೆಸರೂ ಇರುತ್ತೆ. ಅದಕ್ಕೂ ಒಂದು ಅನುಮತಿ ಪಟ್ಟಿ, ಅದು ಏನು ಮಾಡ್ತು ಅಂತ ಅದಕ್ಕೂ ಒಂದು ಲಾಗ್. ನಾಳೆ ಆ ಏಜೆಂಟನ್ನು ಕಟ್ಟಿದ ಹುಡುಗಿ ಕೆಲಸ ಬಿಟ್ಟು ಬೇರೆ ಕಂಪನಿಗೆ ಹೋದರೆ ಅವಳ ಬ್ಯಾಡ್ಜು, ಲ್ಯಾಪ್‌ಟಾಪ್ ಕೊನೇ ದಿನ ಸಂಜೆಯೊಳಗೆ ವಾಪಸ್ ತಗೊಳ್ತಾರೆ. ಅವಳ ಏಜೆಂಟಿನ ಚೀಟಿಯನ್ನು ಯಾರು ವಾಪಸ್ ತಗೊಳ್ತಾರೆ ಅಂತ ನಿಮ್ಮ ಆಫೀಸಿನ ಅಡ್ಮಿನ್‌ನ ಒಂದ್ಸಲ ಕೇಳಿ ನೋಡಿ. ಏನು ಉತ್ತರ ಬಂತು ಅಂತ ನಮಗೂ ಬರೆದು ಕಳಿಸಿ, ಕಂಪನಿ ಹೆಸರು ಮಾತ್ರ ಹಾಕಬೇಡಿ.